ಹತ್ತೊಂಬತ್ತನೆಯ ಹಾಜರಿ

ಮೊದಲೇ ಹೇಳಿಬಿಡುತ್ತೇನೆ, ಓದಿ ಮುಗಿಸಿದ ಮೇಲೆ ನನ್ನ ಮೇಲೆ ಯಾರೂ ಕನಿಕರ ಪಡಬೇಕಾಗಿಲ್ಲ. ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್. ಮನೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ. ದಿನಾ ಸಿರುಗುಪ್ಪದ ತನಕ ಒಂದು ಬಸ್ಸು, ಅಲ್ಲಿಂದ ಕರೂರಿನ ಕಡೆಗೆ ಇನ್ನೊಂದು ಬಸ್ಸು ಹಿಡಿದು, ಭತ್ತದ ಗದ್ದೆಗಳ ನಡುವಿನ ಒಂದು ಸಣ್ಣ ಊರಲ್ಲಿ ಇಳಿಯುತ್ತೇನೆ. ಊರಿನ ಹೆಸರು ಬೇಡ, ತಪ್ಪು ನನ್ನದು. ಹತ್ತಿರ ಹತ್ತಿರ ಒಂದು ವರ್ಷ, ಐದನೇ ತರಗತಿಯ ಹಾಜರಿ ಪುಸ್ತಕದ ಹತ್ತೊಂಬತ್ತನೆಯ ಸಾಲಿನಲ್ಲಿ ನಾನು ದಿನಕ್ಕೊಂದು ಸುಳ್ಳು ಬರೆದೆ. ಆ ಸಾಲು ನನ್ನ ಮಗಳದು. ಆಕೆ ಆ ಶಾಲೆಯ ಮೆಟ್ಟಿಲನ್ನು ಒಂದು ದಿನವೂ ಹತ್ತಿದವಳಲ್ಲ.

ಮಗಳಿಗೆ ಮಾತು ತಡೆಯುತ್ತದೆ. ಚಿಕ್ಕವಳಿದ್ದಾಗ ಮುದ್ದಾಗಿ ಕಾಣುತ್ತಿತ್ತು, ದೊಡ್ಡವಳಾಗುತ್ತಾ ತಾನೇ ಹೋಗುತ್ತದೆ ಅಂದುಕೊಂಡಿದ್ದೆವು. ಹೋಗಲಿಲ್ಲ. ಬಳ್ಳಾರಿಯ ಒಂದು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹಾಕಿದ್ದೆವು. ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವವಳು ಮಗಳನ್ನು ಖಾಸಗಿ ಶಾಲೆಗೆ ಹಾಕಿದ್ದೇಕೆ ಎಂದು ಕೇಳಬೇಡಿ, ನಮ್ಮಲ್ಲಿ ಬಹಳ ಮಂದಿ ಮಾಡುವ ಕೆಲಸವೇ ಅದು. ಅಲ್ಲಿ ಬೆಳಿಗ್ಗೆ ಹೆಸರು ಕರೆದ ಕೂಡಲೇ 'ಪ್ರೆಸೆಂಟ್ ಮಿಸ್' ಅನ್ನಬೇಕು. ನನ್ನ ಮಗಳಿಗೆ ಆ ಮೊದಲಿನ 'ಪ' ಹೊರಗೆ ಬರುವುದಿಲ್ಲ. ತುಟಿ ಎರಡೂ ಅಂಟಿಕೊಂಡು, ಕುತ್ತಿಗೆಯ ನರ ಉಬ್ಬಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳಂತೆ. ಹಿಂದಿನ ಬೆಂಚಿನವರು ಎಷ್ಟು ಹೊತ್ತು ಹಿಡಿಯಿತು ಎಂದು ಬೆರಳು ಮಡಚಿ ಎಣಿಸುತ್ತಿದ್ದರಂತೆ. ಕಡೆಗೆ ಅವರ ಮಿಸ್ಸು, ಒಳ್ಳೆಯದಕ್ಕೇ ಅಂತ ಇಟ್ಟುಕೊಳ್ಳೋಣ, ಬಾಯಿ ಬಿಟ್ಟು ಹೇಳುವ ತನಕ ನಿನಗೆ ಆಬ್ಸೆಂಟ್ ಎಂದು ಹೇಳಿಬಿಟ್ಟರು. ಕ್ಲಾಸಿನಲ್ಲಿ ಕೂತೇ ಇದ್ದ ಹುಡುಗಿ ಪುಸ್ತಕದಲ್ಲಿ ಗೈರುಹಾಜರು!

ನಮಗೆ ಇದೊಂದೂ ಗೊತ್ತಿರಲಿಲ್ಲ. ಒಂದು ಭಾನುವಾರ ಆಕೆಯ ಬ್ಯಾಗಿನಲ್ಲಿ ರಫ್ ನೋಟ್‌ಬುಕ್ ಸಿಕ್ಕಿತು. ಪುಟ ಪುಟ ತುಂಬ ಒಂದೇ ಮಾತು, ಪ್ರೆಸೆಂಟ್ ಮಿಸ್, ಪ್ರೆಸೆಂಟ್ ಮಿಸ್. ಬರೆದು ಬರೆದು ಅಭ್ಯಾಸ ಮಾಡಿದರೆ ಬಾಯಿಗೂ ಬಂದೀತು ಅಂದುಕೊಂಡಿತ್ತು ಕೂಸು. ಮರುದಿನ ಯೂನಿಫಾರ್ಮ್ ಹಾಕುವಾಗ ವಾಂತಿ ಮಾಡಿಕೊಂಡಳು. ಅದರ ಮರುದಿನವೂ ಅದೇ ಆಯಿತು. ಆಮೇಲೆ ನಮ್ಮ ಜೊತೆಗೂ ಮಾತು ಬಿಟ್ಟಳು, ನೀರು ಬೇಕಾದರೆ ಲೋಟ ತೋರಿಸುತ್ತಿದ್ದಳು.

ಮನೆಯಲ್ಲೇ ಕಲಿಸೋಣ ಎಂದವಳು ನಾನೇ. ನನ್ನ ಗಂಡ ಬಳ್ಳಾರಿಯ ವಕೀಲರೊಬ್ಬರ ಹತ್ತಿರ ಗುಮಾಸ್ತರು. ಯಾವುದನ್ನೂ ಕಾಗದ ನೋಡದೆ ಹೂಂ ಅನ್ನುವ ಮನುಷ್ಯ ಅಲ್ಲ. ಎರಡು ದಿನ ಆಫೀಸಿನ ಪುಸ್ತಕಗಳನ್ನು ತಿರುವಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ನೋಡು, ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನ ಶಾಲಿಗೆ ಸೇರ್ಸೋದು ತಂದಿ-ತಾಯಿ ಕರ್ತವ್ಯ ಅಂತ ಕಾನೂನಿನಾಗ ಅದ. ಮನಿಯಾಗ ಕಲಸ್ತೀವಿ ಅನ್ನೋರ ಬಗ್ಗೆ ಒಂದಕ್ಷರ ಇಲ್ಲ. ಮಾಡ್ರಿ ಅಂತನೂ ಇಲ್ಲ, ಮಾಡಿದ್ರ ಶಿಕ್ಷಾ ಅಂತನೂ ಇಲ್ಲ."

"ಹಂಗಾದ್ರ ನಾವೇನ್ ಮಾಡಬೇಕು?"

"ನೆಟ್ಟಗ ಒಂದು ಅರ್ಜಿ ಬರಿಯೋಣ. ಮಗಳಿಗೆ ಹಿಂಗ ತೊಂದ್ರಿ ಅದ, ಮನಿಯಾಗ ಪಾಠ ಮಾಡ್ತೀವಿ, ವಯಸ್ಸು ಬಂದ ಮ್ಯಾಲ ಮುಕ್ತ ಶಾಲಿ ಪರೀಕ್ಷಾ ಕಟ್ಟಸ್ತೀವಿ, ಇಲ್ಲಾಂದ್ರ ಖಾಸಗಿ ಅಭ್ಯರ್ಥಿ ಅಂತ ಹತ್ತನೇತ್ತ ಬರಸ್ತೀವಿ ಅಂತ. ಡಾಕ್ಟರ ಚೀಟಿ ಹಚ್ಚೋಣ. ಶಿಕ್ಷಣ ಇಲಾಖೆ ಆಫೀಸಿನಾಗ ಕೊಟ್ಟು, ಮುಟ್ಟಿದ್ದಕ್ಕ ಸಹಿ ತಗೊಂಡು ಇಟ್ಕೊಳ್ಳೋಣ."

ಎಷ್ಟು ಸರಳ! ಆದರೆ ಆ ಅರ್ಜಿ ಕೊಟ್ಟರೆ ಮಗಳ ಹೆಸರು ಯಾವ ಪಟ್ಟಿಗೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. 'ಶಾಲೆಯಿಂದ ಹೊರಗುಳಿದ ಮಕ್ಕಳು' ಎಂಬ ಆ ಪಟ್ಟಿಯನ್ನು ಪ್ರತಿ ಬೇಸಿಗೆಯಲ್ಲಿ ಮನೆ ಮನೆ ತಿರುಗಿ ತಯಾರಿಸುವವಳು ನಾನೇ. ಹಿಂದಿನ ಬೇಸಿಗೆಯಲ್ಲೂ ತಿರುಗಿದ್ದೆ, ಮತ್ತು ತಿರುಗುವಾಗ ಒಂದು ಬಾಗಿಲಲ್ಲಿ ಒಂದು ಮಾತಾಡಿ ಬಂದಿದ್ದೆ.

ಶಾಲೆಯ ಊರಿನ ಕೊನೆಯ ಓಣಿಯ ಮನೆ ಅದು. ಆಕೆ ನಾಟಿಗೆ, ಕಳೆಗೆ, ಮೆಣಸಿನಕಾಯಿ ಬಿಡಿಸಲಿಕ್ಕೆ ಹೋಗುವ ಹೆಂಗಸು. ಒಂಬತ್ತು ವರ್ಷದ ಮಗಳು ಬಾಗಿಲಲ್ಲಿ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಿದ್ದಳು.

"ಕೂಸಿನ್ನ ನೋಡ್ಕೊಳ್ಳಾಕ ಯಾರೂ ಇಲ್ರಿ ಟೀಚರ್, ಅದಕ್ಕ ಮನಿಯಾಗ ಇಟ್ಕೊಂಡೀನಿ," ಎಂದಳು ಆ ತಾಯಿ. "ಹಂಗಂತ ಓದು ಬಿಡ್ಸಿಲ್ರಿ. ನಾನೂ ಏಳನೇತ್ತ ಓದೀನಿ, ಸಂಜಿಮುಂದ ನಾನ ಕಲಸ್ತೀನಿ. ಮಗ್ಗಿ ಇಪ್ಪತ್ತರ ತನಕ ಬರ್ತಾವ್ರಿ ಆಕಿಗೆ. ಬೇಕಾದ್ರ ಕೇಳ್ರಿ."

ನಾನು ಕೇಳಲಿಲ್ಲ. ಬಿಸಿಲು, ಇನ್ನೂ ಎಂಟು ಮನೆ ಬಾಕಿ, ತಲೆ ಚಿಟ್ ಹಿಡಿದಿತ್ತು. "ಮನಿಯಾಗ ಕಲಸ್ತೀನಂದ್ರ ನಡಿಯಂಗಿಲ್ಲಮ್ಮ. ಕಾನೂನು ಐತಿ. ಸಾಲಿಗೆ ಕಳಿಸ್ಲಿಲ್ಲಂದ್ರ ಪೊಲೀಸ್ರು ಬಂದು ನಿನ್ನ ಕರ್ಕೊಂಡು ಹೋಗ್ತಾರ, ನೋಡು ಮತ್ತ!" ಅಂದೆ.

ಹಾಗೆ ಯಾವ ಕಾನೂನಿನಲ್ಲೂ ಬರೆದಿಲ್ಲ. ಬರೆದಿಲ್ಲ ಎಂದು ನನಗೆ ಆಗಲೂ ಗೊತ್ತಿತ್ತು. ಆದರೆ ಮಾತು ಕೆಲಸ ಮಾಡಿತು. ಜೂನ್ ತಿಂಗಳ ಮೊದಲ ವಾರವೇ ಆ ಹುಡುಗಿ ನಾಲ್ಕನೇ ತರಗತಿಯಲ್ಲಿ ಬಂದು ಕೂತಳು. ತಮ್ಮನನ್ನು ಪಕ್ಕದ ಮನೆಯ ಮುದುಕಿಯ ಹತ್ತಿರ ಬಿಟ್ಟರಂತೆ. ನಾನು ಬೀಗುತ್ತಾ ಹೆಡ್‌ಮಾಸ್ತರರಿಗೆ ಹೇಳಿಕೊಂಡೆ.

ಅಂಥ ನಾನು ನನ್ನ ಮಗಳ ಹೆಸರನ್ನು ಅದೇ ಪಟ್ಟಿಗೆ ಸೇರಿಸುವುದೇ? ಜನ ಮುಖಕ್ಕೆ ಉಗಿಯುವುದಿಲ್ಲವೇ? ಗಂಡ ಬರೆದಿಟ್ಟ ಅರ್ಜಿಯನ್ನು ಬೀರುವಿನ ಸೀರೆಗಳ ಕೆಳಗೆ ತಳ್ಳಿದೆ. ನನಗೆ ಇನ್ನೊಂದು ದಾರಿ ತಿಳಿದಿತ್ತು, ಇಲಾಖೆಯ ಒಳಗಿದ್ದವರಿಗೆ ಮಾತ್ರ ತಿಳಿಯುವಂಥದು. ನಾಲ್ಕನೇ ತರಗತಿ ಮುಗಿದ ಕೂಡಲೇ ಬಳ್ಳಾರಿಯ ಶಾಲೆಯಿಂದ ವರ್ಗಾವಣೆ ಪತ್ರ ತಂದೆ. ನಮ್ಮ ಶಾಲೆಯ ಐದನೇ ತರಗತಿಗೆ ಮಗಳನ್ನು ಸೇರಿಸಿದೆ, ಕಾಗದದ ಮೇಲೆ. ಹೆಡ್‌ಮಾಸ್ತರರು ಸಂಕೋಚದ ಮನುಷ್ಯ. "ನಿಮ್ಮ ಮಗಳಲ್ಲೇನ್ರಿ, ಇರ್ಲಿ ಬಿಡ್ರಿ. ಹೆಂಗೂ ಐದನೇತ್ತ ನಿಮ್ಮ ಕೈಯಾಗ ಐತಿ," ಎಂದರು. ಮನೆಯಲ್ಲಿ ಗಂಡನಿಗೆ, ಎಲ್ಲ ಸರಿಹೋಯಿತು, ಇಲಾಖೆಯಲ್ಲಿ ಅರ್ಜಿ ಕೊಟ್ಟು ಮಾತಾಡಿದ್ದೇನೆ ಎಂದೆ. ಮುಟ್ಟಿದ್ದಕ್ಕೆ ಸಹಿ ಎಲ್ಲಿ ಎಂದು ಕೇಳಿದರು, ಶಾಲೆಯ ಕಪಾಟಿನಲ್ಲಿದೆ ಎಂದೆ.

ಬಿಸಿಯೂಟದ ಪಟ್ಟಿಗೆ ಹೆಸರು ಬರೆಯುವಾಗ ಹೆಡ್‌ಮಾಸ್ತರರು ತಲೆ ಎತ್ತದೆ, "ಮೊಟ್ಟೆನೋ ಬಾಳೆಹಣ್ಣೋ?" ಎಂದು ಕೇಳಿದರು. ಮಕ್ಕಳಿಗೆ ಕೊಡುವ ಮೊಟ್ಟೆ ಬೇಡದವರಿಗೆ ಬಾಳೆಹಣ್ಣು ಕೊಡುವುದು ಪದ್ಧತಿ. ನಾನು ಥಟ್ಟನೆ "ಬಾಳೆಹಣ್ಣು" ಅಂದೆ. ನಾವು ವೈಷ್ಣವರು, ಮನೆಯಲ್ಲಿ ಮೊಟ್ಟೆ ಮುಟ್ಟುವುದಿಲ್ಲ. ಇಲ್ಲದ ಹುಡುಗಿಯ ಹೆಸರಿನಲ್ಲಿ ಊಟ ಬರೆಸುವಾಗ ಮಡಿ ಮಾತ್ರ ಕೆಡಬಾರದು ನೋಡಿ! ಇವತ್ತಿಗೂ ಆ ಕ್ಷಣ ನೆನಪಾದರೆ ನನಗೆ ನಾನೇ ಎರಡು ಬಿಗಿಯಬೇಕು ಅನ್ನಿಸುತ್ತದೆ.

ಇನ್ನು ಮನೆಯ ಪಾಠ. ಮೇ ತಿಂಗಳ ರಜೆಯಲ್ಲಿ ಶುರು ಮಾಡಿದೆ. ಬೀರುವಿನ ಬಾಗಿಲಿಗೆ ವೇಳಾಪಟ್ಟಿ ಅಂಟಿಸಿದೆ. ಒಂಬತ್ತಕ್ಕೆ ಗಣಿತ, ಹತ್ತಕ್ಕೆ ಕನ್ನಡ, ಹನ್ನೊಂದಕ್ಕೆ ಹತ್ತು ನಿಮಿಷ ಬಿಡುವು. ದೇವರ ಮನೆಯ ಗಂಟೆ ತಂದು ಬಾರಿಸುತ್ತಿದ್ದೆ. ಗಂಟೆ ಕೇಳಿದ ಕೂಡಲೇ ಮಗಳು ಬಾತ್‌ರೂಮಿಗೆ ಓಡಿ ಚಿಲಕ ಹಾಕಿಕೊಳ್ಳುತ್ತಿದ್ದಳು. ನಾನು ಹೊರಗೆ ನಿಂತು ಬಾಗಿಲು ಬಡಿಯುತ್ತಾ, "ನಿನ್ನ ಸಲುವಾಗಿ ಎಷ್ಟು ಒದ್ದಾಡ್ಲಿಕತ್ತೀನಿ, ಗೊತ್ತದ ಏನು?" ಎಂದು ಕೂಗಾಡುತ್ತಿದ್ದೆ. ಹದಿನೈದು ವರ್ಷ ಪಾಠ ಮಾಡಿದವಳು ನಾನು. ನನ್ನ ಸ್ವಂತ ಕೂಸಿಗೆ ಕಲಿಸಲು ಬರಲಿಲ್ಲ.

ಕಲಿಸಿದವಳು ನನ್ನ ಅಮ್ಮ. ಅಮ್ಮ ಇರುವುದು ಕುರುಗೋಡಿನಲ್ಲಿ. ಜೂನ್‌ನಲ್ಲಿ ನನ್ನ ಶಾಲೆ ಶುರುವಾದ ಮೇಲೆ ಸೋಮವಾರದಿಂದ ಶನಿವಾರದ ತನಕ ಮಗಳನ್ನು ಅಲ್ಲೇ ಬಿಟ್ಟೆವು, ಭಾನುವಾರಕ್ಕೆ ಬಳ್ಳಾರಿಗೆ ತರುತ್ತಿದ್ದೆವು. ಅಮ್ಮ ಗಂಟೆ ಬಾರಿಸಲಿಲ್ಲ, ಕೂತು ಓದು ಎಂದೂ ಅನ್ನಲಿಲ್ಲ. ಬೆಳಿಗ್ಗೆ ಅಂಗಳದಲ್ಲಿ ಚುಕ್ಕಿ ಎಣಿಸಿ ರಂಗೋಲಿ ಹಾಕಿಸಿದಳು. ಪಂಚಾಂಗ ಓದಿಸಿದಳು, ಸಂತೆಯಲ್ಲಿ ತಕ್ಕಡಿ ನೋಡಿಸಿದಳು, ಬೆಟ್ಟದ ಕೋಟೆಯ ತನಕ ನಡೆಸಿ ಅಲ್ಲಿ ಕಂಡದ್ದನ್ನೆಲ್ಲ ರಾತ್ರಿಯೂಟದ ಮೊದಲು ಬರೆಸಿದಳು. ಮತ್ತೆ ಸಂಜೆ ದೇವರ ಹಾಡು. ಹಾಡುವಾಗ ಮಗಳ ಮಾತು ತಡೆಯುತ್ತಿರಲಿಲ್ಲ. ಎಲ್ಲರಿಗಿಂತ ಮೊದಲು ಅದನ್ನು ಕಂಡುಹಿಡಿದವಳು ಓದು ಬರಹ ಅಷ್ಟಕ್ಕಷ್ಟೇ ಇದ್ದ ನನ್ನ ಅಮ್ಮ. ಅಕ್ಟೋಬರಿನ ಒಂದು ಶನಿವಾರ ನಾನು ಬಸ್ಸಿಳಿದು ಬರುವಷ್ಟರಲ್ಲಿ ಮಗಳು ಓಡಿ ಬಂದು, ತಡೆದು ತಡೆದು, ಬೆಟ್ಟದಲ್ಲಿ ನವಿಲು ನೋಡಿದ್ದನ್ನು ಪೂರ್ತಿ ಹೇಳಿದಳು. ನಾನು ರಸ್ತೆಯಲ್ಲೇ ಅತ್ತೆ. ಎಷ್ಟು ಸುಳ್ಳು ಬರೆದರೂ ಸರಿ, ಇದನ್ನು ಕಳೆದುಕೊಳ್ಳಬಾರದು ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ.

ಇತ್ತ ಶಾಲೆಯಲ್ಲಿ, ನಾನು ಹೆದರಿಸಿ ಕರೆತಂದ ಹುಡುಗಿಯೂ ಈಗ ಐದನೇ ತರಗತಿಯಲ್ಲಿದ್ದಳು. ಹಾಜರಿ ಪುಸ್ತಕದಲ್ಲಿ ಆಕೆಯ ನಂಬರು ಹದಿನೆಂಟು. ಅದರ ಕೆಳಗಿನದು ನನ್ನ ಮಗಳದು. ನಾನು ಹೆಸರು ಕರೆಯುವುದಿಲ್ಲ, ನಂಬರು ಕರೆಯುತ್ತೇನೆ. ಹದಿನೆಂಟಕ್ಕೆ ನಿಲ್ಲಿಸಿ, ಹತ್ತೊಂಬತ್ತನ್ನು ಬಾಯಿಬಿಡದೆ ಬರೆದು ಪುಸ್ತಕ ಮುಚ್ಚುತ್ತಿದ್ದೆ. ಬೋರ್ಡಿನ ಮೂಲೆಯಲ್ಲಿ ದಿನದ ಸಂಖ್ಯೆ ಬರೆಯುವ ಕೆಲಸ ಆ ಹುಡುಗಿಯದು, ಲೆಕ್ಕದಲ್ಲಿ ಆಕೆಯಷ್ಟು ಚುರುಕು ಇನ್ನೊಬ್ಬರಿರಲಿಲ್ಲ. ಮೊದಲ ವಾರವೇ ಸೀಮೆಸುಣ್ಣ ಹಿಡಿದು ನಿಂತು ಕೇಳಿದಳು.

"ಟೀಚರ್, ಹದಿನೆಂಟು ಮಂದಿ ಅದೀವ್ರಿ. ಹತ್ತೊಂಬತ್ತು ಬರಿ ಅಂತೀರಲ್ರೀ?"

ಗದರಿಸಿ ಕೂಡಿಸಬಹುದಿತ್ತು. ಏಕೋ ಆ ಕಣ್ಣು ನೋಡಿ ನಿಜ ಬಾಯಿಗೆ ಬಂದುಬಿಟ್ಟಿತು. "ಆಕಿ ನನ್ನ ಮಗಳು. ಮಾತಾಡಾಕ ತ್ರಾಸು ಐತಿ ಆಕಿಗೆ. ಮನಿಯಾಗ ಓದತಾಳ. ನೀ ಹತ್ತೊಂಬತ್ತು ಬರಿ," ಎಂದೆ.

ಹುಡುಗಿ ತಲೆಯಾಡಿಸಿ ಬರೆದಳು. ಕೆಲವು ದಿನ ಬಿಟ್ಟು ಬಾಯಿತಪ್ಪಿ ನಾನು "ಹತ್ತೊಂಬತ್ತು" ಎಂದು ಕರೆದೆ. ಕರೆದವಳೇ ನಾಲಿಗೆ ಕಚ್ಚಿಕೊಂಡೆ. ಅಷ್ಟರಲ್ಲಿ "ಹಾಜರ್ ಟೀಚರ್!" ಎಂಬ ದನಿ ಬಂತು. ಆಕೆಯೇ. ಮಕ್ಕಳು ನಗಲಿಲ್ಲ. ಪುಸ್ತಕ ಮುಚ್ಚಿದ ಮೇಲೆ ಹತ್ತಿರ ಕರೆದು, ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ.

"ಆಕಿಗೆ ಮಾತಾಡಾಕ ತ್ರಾಸು ಅಂದ್ರಲ್ರೀ ಟೀಚರ್. ಅದಕ್ಕ ನಾನು ಹೇಳ್ದೆ."

ಅಲ್ಲಿಗೇ ನಿಲ್ಲಿಸಬೇಕಿತ್ತು. ಬೇಡಮ್ಮಾ, ಅದು ಸುಳ್ಳು, ತಪ್ಪು ನನ್ನದು ಎಂದು ಹೇಳಬೇಕಿತ್ತು. ನಾನು ಆಕೆಯ ತಲೆ ಸವರಿದೆ. ಮರುದಿನದಿಂದ ಹತ್ತೊಂಬತ್ತನ್ನೂ ಬಾಯಿಬಿಟ್ಟು ಕರೆದೆ, ಏಕೆಂದರೆ ಯಾರೋ ಉತ್ತರ ಕೊಟ್ಟ ಮೇಲೆ ಬರೆಯುವುದು ನನಗೆ ಹಗುರ ಅನ್ನಿಸುತ್ತಿತ್ತು. ಮಗಳ ಪಾಲಿನ ಬಾಳೆಹಣ್ಣನ್ನೂ ಆಕೆಗೇ ಕೊಡತೊಡಗಿದೆ. ಆಕೆ ತನ್ನ ಮೊಟ್ಟೆಯನ್ನು ತಿಂದು, ಬಾಳೆಹಣ್ಣನ್ನು ಲಂಗದ ಮಡಿಕೆಯಲ್ಲಿ ಸುತ್ತಿ ತಮ್ಮನಿಗೆ ಒಯ್ಯುತ್ತಿದ್ದಳು. ನಾನೇನೋ ಪುಣ್ಯದ ಕೆಲಸ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಜನವರಿಯಲ್ಲಿ ಮೆಣಸಿನಕಾಯಿ ಬಿಡಿಸುವ ಕೆಲಸ ಬಂತು. ಪಕ್ಕದ ಮನೆಯ ಮುದುಕಿಗೆ ಹುಷಾರಿರಲಿಲ್ಲವಂತೆ, ಹುಡುಗಿ ತಮ್ಮನನ್ನು ನೋಡಿಕೊಳ್ಳಲು ಹೊಲಕ್ಕೆ ಹೋದಳು. ಹನ್ನೊಂದು ದಿನ ಬರಲಿಲ್ಲ. ಮರಳಿ ಬಂದಾಗ ಕ್ಲಸ್ಟರ್ ಮಟ್ಟದ, ಅಂದರೆ ಸುತ್ತಲಿನ ಶಾಲೆಗಳ ನಡುವಿನ, ಮಗ್ಗಿ ಸ್ಪರ್ಧೆಗೆ ಒಬ್ಬರನ್ನು ಆರಿಸುವುದಿತ್ತು. ಇಡೀ ತರಗತಿ ಆಕೆಯ ಕಡೆ ತಿರುಗಿತು. "ಹಾಜರಿ ಸರಿ ಇಲ್ಲದೋರ್ನ ಕರ್ಕೊಂಡು ಹೋಗಂಗಿಲ್ಲ," ಎಂದು ನಾನು ಬೇರೆ ಮಗುವಿನ ಹೆಸರು ಬರೆದೆ. ಶಿಸ್ತು ಇರಬೇಕಲ್ಲ! ಹುಡುಗಿ ಮರುದಿನ ಬೆಳಿಗ್ಗೆ ಎಂದಿನಂತೆ ಹದಿನೆಂಟಕ್ಕೂ ಹತ್ತೊಂಬತ್ತಕ್ಕೂ ಹಾಜರ್ ಹೇಳಿದಳು.

ಫೆಬ್ರುವರಿಯಲ್ಲಿ ತಾಲೂಕಿನಿಂದ ಒಬ್ಬ ಅಧಿಕಾರಿ ತಪಾಸಣೆಗೆ ಬಂದರು. ಮುಂಚೆ ತಿಳಿಸಿರಲಿಲ್ಲ. ಬೋರ್ಡಿನ ಮೂಲೆ ನೋಡಿದರು, ಹಾಜರಿ ಹತ್ತೊಂಬತ್ತು. ತಲೆ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಆಮೇಲೆ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ತಾವೇ ನಂಬರು ಕರೆಯತೊಡಗಿದರು. ಬೇಡ, ಇವತ್ತು ಹೇಳಬೇಡ ಎಂದು ಹುಡುಗಿಗೆ ಕಣ್ಣಲ್ಲೇ ಸನ್ನೆ ಮಾಡಲು ನೋಡಿದೆ. ಆಕೆ ನನ್ನ ಕಡೆ ನೋಡುತ್ತಿರಲಿಲ್ಲ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು.

"ಹದಿನೆಂಟು?"

"ಹಾಜರ್ ಸರ್!"

"ಹತ್ತೊಂಬತ್ತು?"

"ಹಾಜರ್ ಸರ್!"

ಅವರು ಪುಸ್ತಕದಿಂದ ತಲೆ ಎತ್ತಿದರು. "ಏ ಹುಡುಗಿ, ಎದ್ದು ನಿಂದ್ರು. ಹದಿನೆಂಟಕ್ಕೂ ನೀನ, ಹತ್ತೊಂಬತ್ತಕ್ಕೂ ನೀನ? ಸುಳ್ಳು ಹೇಳಾಕ ಸಾಲಿಗೆ ಬರ್ತೀಯೇನು?"

ಆಕೆ ಎದ್ದು ನಿಂತು ನನ್ನನ್ನು ನೋಡಿದಳು. ಬಾಯಿ ಬಿಡಲಿಲ್ಲ. ಹೇಳಬಹುದಿತ್ತು, ಟೀಚರ್ ಮಗಳ ನಂಬರ್ರಿ ಅದು, ಟೀಚರೇ ಬರೀತಾರ್ರಿ ಅಂತ. ಹತ್ತು ವರ್ಷದ ಹುಡುಗಿ ತುಟಿ ಬಿಗಿಹಿಡಿದು ನನ್ನನ್ನು ಕಾಯುತ್ತಾ ನಿಂತಳು. ಅಧಿಕಾರಿ ನನ್ನ ಕಡೆ ತಿರುಗಿ, "ಎಲ್ರೀ ಹತ್ತೊಂಬತ್ತು?" ಎಂದರು.

"ಹೊಟ್ಟಿನೋವು ಅಂತ ಈಗಷ್ಟ ಮನಿಗೆ ಹೋದ್ಳು ಸರ್," ಎಂದೆ. ಅಷ್ಟಕ್ಕೇ ಸುಮ್ಮನಾಗಬಾರದಿತ್ತೇ? ಇಲ್ಲ. ಹುಡುಗಿಯ ಕಡೆ ಕೈ ತೋರಿಸಿ, "ಈಕಿಗೆ ಸ್ವಲ್ಪ ತುಂಟತನ ಜಾಸ್ತಿ ಸರ್," ಎಂದೆ.

ಹಾಗೆಂದವಳು ನಾನೇ.

ಹದಿನೆಂಟು ಎಂದು ತಿದ್ದಿಸಿ, ಹುಡುಗಿಗೆ ಊಟದ ಗಂಟೆಯ ತನಕ ನಿಂತಿರು ಎಂದು ಹೇಳಿ ಅವರು ಪಕ್ಕದ ಕೋಣೆಗೆ ಹೋದರು. ಅವರ ಜೀಪು ಹೋದ ಮೇಲೆ ನಾನು ಓಡಿ ಬಂದು "ಕೂಡಮ್ಮಾ, ಕೂಡು" ಎಂದೆ. ಆಕೆ ಕೂಡಲಿಲ್ಲ. ಊಟದ ಗಂಟೆಯ ತನಕ ನಿಂತೇ ಇದ್ದಳು. ಊಟಕ್ಕೆ ಕೂತಾಗ ಬಾಳೆಹಣ್ಣು ಕೊಡಲು ಹೋದೆ. "ಬ್ಯಾಡ್ರಿ," ಎಂದಳು.

ಮರುದಿನ ಆಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ಬೆಳಿಗ್ಗೆ ಹದಿನೆಂಟರ ಸಾಲಿನಲ್ಲಿ ಕೆಂಪು ಶಾಯಿಯಲ್ಲಿ ಗೈರು ಬರೆದು, ನೀಲಿ ಪೆನ್ನು ಎತ್ತಿಕೊಂಡು ಹತ್ತೊಂಬತ್ತಕ್ಕೆ ಬಂದೆ. ಹುಡುಗರು ನನ್ನನ್ನೇ ನೋಡುತ್ತಿದ್ದರು, ಯಾರಾದರೂ ಹಾಜರ್ ಅನ್ನಬೇಕೇನೋ ಎಂಬಂತೆ. ಪುಸ್ತಕವನ್ನು ಹಾಗೇ ಮುಚ್ಚಿಟ್ಟೆ.

ಆ ಶನಿವಾರ ಕುರುಗೋಡಿನಲ್ಲಿ ಎಲ್ಲವನ್ನೂ ಹೇಳಿದೆ. ಗಂಡನೂ ಬಂದಿದ್ದರು. ಅಮ್ಮ ಹೂ ಕಟ್ಟುತ್ತಿದ್ದವಳು ದಾರ ಕೆಳಗಿಟ್ಟಳು. ಗಂಡ, "ಅರ್ಜಿ ಕೊಟ್ಟೀನಿ ಅಂದಿದ್ಯಲ್ಲ," ಎಂದು ಒಂದೇ ಮಾತು ಅಂದು ಹೊರಗೆ ಹೋದರು. ಮಗಳು ಮಾತ್ರ ಕದಲದೆ ಕೂತು ಕೇಳಿದಳು. ಆಮೇಲೆ, "ಅ... ಅಮ್ಮ, ನಾ ಹೇ... ಹೇಳಲಿಲ್ಲ ಅಂತ ನನಗ ಆಬ್ಸೆಂಟ್ ಹಾಕ್ತಿದ್ರು. ಆಕಿ ಹೇ... ಹೇಳಿದ್ಳು ಅಂತ ನಿಂದ್ರಿಸಿದ್ರಾ?" ಎಂದಳು.

ಸೋಮವಾರ ರಜೆ ಹಾಕಿ ಸಿರುಗುಪ್ಪದ ಶಿಕ್ಷಣ ಇಲಾಖೆಯ ಆಫೀಸಿಗೆ ಹೋದೆ. ಕೈಯಲ್ಲಿ ಎರಡು ಕಾಗದ. ಒಂದು, ಬೀರುವಿನಿಂದ ತೆಗೆದ ಹಳೆಯ ಅರ್ಜಿ, ತಾಯಿಯಾಗಿ ಕೊಡುವುದು. ಇನ್ನೊಂದು, ಟೀಚರಾಗಿ ನಾನು ಹಾಜರಿ ಪುಸ್ತಕದಲ್ಲಿ ಮಾಡಿದ್ದನ್ನು ಒಪ್ಪಿಕೊಂಡು ಬರೆದದ್ದು. ಹೆಡ್‌ಮಾಸ್ತರರಿಗೆ ಮೊದಲೇ ತಿಳಿಸಿದ್ದೆ, ಪಾಪ, ಅವರೂ ನನ್ನಿಂದಾಗಿ ಮಾತು ಕೇಳಬೇಕಾಯಿತು. ಒಳಗೆ ಕೂತಿದ್ದವರು ತಪಾಸಣೆಗೆ ಬಂದಿದ್ದ ಅದೇ ಅಧಿಕಾರಿ. ಎರಡನ್ನೂ ಓದಿ ಕನ್ನಡಕ ತೆಗೆದರು.

"ಏನ್ರೀ ಮೇಡಮ್, ನಿಮ್ಮ ಕೊರಳಿಗೆ ನೀವ ಹಗ್ಗ ಹಾಕ್ಕೊಂಡು ಬಂದೀರಿ?"

"ಹೌದ್ರಿ ಸರ್."

"ಇದಕ್ಕ ನೋಟಿಸ್ ಕೊಡ್ಬೇಕಾಗ್ತದ, ಕೊಡ್ತೀನಿ. ನಿಮ್ಮ ಮಗಳ ಅರ್ಜಿ ಬ್ಯಾರೆ ಮಾತು. ಮನಿಯಾಗ ಕಲಸ್ರಿ ಅಂತ ಒಪ್ಪಿಗಿ ಕೊಡೋ ಅಧಿಕಾರ ನನಗಿಲ್ಲ, ಅಂಥ ಕಾಗದನೂ ಇಲ್ಲ. ಅರ್ಜಿ ಮುಟ್ಟೇತಿ ಅಂತ ಸಹಿ ಹಾಕ್ತೀನಿ. ವರ್ಷಾ ವರ್ಷಾ ನಮ್ಮೋರು ಮನಿಗೆ ಬಂದು ಕೇಳ್ತಾರ, ಏನು ಓದ್ಯಾಳ ಅಂತ ತೋರ್ಸಿರಿ. ವಯಸ್ಸು ಬಂದ ಮ್ಯಾಲ ಪರೀಕ್ಷೆ ಕಟ್ಟಸ್ರಿ. ಆಕಿ ಯಾವಾಗ ಸಾಲಿಗೆ ಬರ್ತೀನಂದ್ರೂ ಸೇರಿಸ್ಕೊಳ್ಳಾಕ ಬೇಕು, ಅದು ಆಕಿ ಹಕ್ಕು."

ಕಂಪ್ಯೂಟರಿನವನನ್ನು ಕರೆದು ಮಗಳ ಹೆಸರು ತೆಗೆಸಿದರು. ಶಾಲೆ ಬಿಟ್ಟ ಕಾರಣಗಳ ಪಟ್ಟಿಯಲ್ಲಿ ವಲಸೆ ಇತ್ತು, ಅನಾರೋಗ್ಯ ಇತ್ತು, ಕೆಲಸಕ್ಕೆ ಹೋಗುವುದು ಇತ್ತು. ಮನೆಯಲ್ಲಿ ಓದುತ್ತಾಳೆ ಎಂಬುದು ಎಲ್ಲೂ ಇರಲಿಲ್ಲ. ಆತ 'ಇತರೆ' ಎಂಬಲ್ಲಿ ಒತ್ತಿದ. ನನ್ನ ಮಗಳು ಶಾಲೆಯಿಂದ ಹೊರಗುಳಿದ ಮಕ್ಕಳ ಪಟ್ಟಿಗೆ ಸೇರಿದಳು. ಯಾವ ಮಾತಿಗೆ ಹೆದರಿ ಇಷ್ಟೆಲ್ಲ ಮಾಡಿದ್ದೆನೋ ಅದು ಅರ್ಧ ನಿಮಿಷದಲ್ಲಿ ಮುಗಿದುಹೋಯಿತು.

ಎದ್ದು ಬರುವಾಗ ಅಧಿಕಾರಿ ಕೇಳಿದರು, "ಹಂಗಾದ್ರ ಆ ಹುಡುಗಿ ಆವತ್ತು..."

"ನನ್ನ ಸಲುವಾಗಿ ಹೇಳಿದ್ಳು ಸರ್."

"ನೀವು ಆವತ್ತ ಒಂದು ಮಾತು ಅಂದಿದ್ರ ನಾನು ಆಕಿನ್ನ ನಿಂದ್ರಿಸ್ತಿದ್ದಿಲ್ಲಲ್ರೀ," ಎಂದು ಅವರು ಮುಖ ತಿರುಗಿಸಿದರು. ನೋಟಿಸಿಗಿಂತ ಅದು ಜೋರಾಗಿ ತಗುಲಿತು.

ಮರುದಿನ ಶಾಲೆ ಬಿಟ್ಟ ಮೇಲೆ ಆ ಕೊನೆಯ ಓಣಿಗೆ ಹೋದೆ. ನನ್ನ ಜೊತೆ ಮಗಳೂ ಇದ್ದಳು, ತಾನು ಬಂದೇ ಬರುತ್ತೇನೆಂದು ಹಟ ಹಿಡಿದು ಬೆಳಿಗ್ಗೆಯೇ ಬಸ್ಸು ಹತ್ತಿದ್ದಳು, ಶಾಲೆಯ ಒಳಗೆ ಮಾತ್ರ ಬರದೆ ಹೊರಗಿನ ಮರದ ಕೆಳಗೆ ಪುಸ್ತಕ ಹಿಡಿದು ಕೂತಿದ್ದಳು. ಹಾಜರಿ ಪುಸ್ತಕವನ್ನೂ ಹಿಡಿದುಕೊಂಡಿದ್ದೆ, ಹತ್ತೊಂಬತ್ತನೆಯ ಸಾಲಿನ ಮೇಲೆ ಹೊಡೆದ ಗೆರೆಯನ್ನು ಅವರಿಗೆ ತೋರಿಸೋಣವೆಂದು. ಹುಡುಗಿ ಅಂಗಳದಲ್ಲಿ ತಮ್ಮನಿಗೆ ಅನ್ನ ಉಣಿಸುತ್ತಿದ್ದಳು. ನನ್ನನ್ನು ಬಿಟ್ಟು ಮಗಳನ್ನು ನೋಡಿದಳು.

"ನೀನ ಏನು ಹತ್ತೊಂಬತ್ತು?"

ಮಗಳು ಹೂಂ ಎಂದು ತಲೆಯಾಡಿಸಿದಳು. ಆಮೇಲೆ ಅವರಿಬ್ಬರೂ ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ, ಕೂಸನ್ನು ನಡುವೆ ಕೂಡಿಸಿಕೊಂಡು ಕೂತರು.

ಹುಡುಗಿಯ ತಾಯಿ ಹೊಲದಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದಳು. ನಾನು ಕೂಡದೆ ನಿಂತೇ ಹೇಳಿದೆ. ತಪಾಸಣೆಯ ದಿನದ್ದು ಹೇಳಿದೆ, ಆಕೆ ತುಂಟಿಯಲ್ಲ ಎಂದು ಅಧಿಕಾರಿಗೂ ಹೇಳಿ ಬಂದಿದ್ದೇನೆ ಎಂದೆ. ಪೊಲೀಸರ ಮಾತು ಸುಳ್ಳಾಗಿತ್ತು ಎಂದೂ ಹೇಳಿದೆ. "ತಪ್ಪಾತಮ್ಮ," ಎಂದೆ. ನನಗಿಂತ ಚಿಕ್ಕವಳ ಮುಂದೆ ನಾನು ಕೈಮುಗಿದದ್ದು ಅದೇ ಮೊದಲು. ಅವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಎಲ್ಲವನ್ನೂ ಕೇಳಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಕಳಿಸ್ತೀನ್ರಿ ನಾಳಿಂದ. ಆಕಿಗೂ ಸಾಲಿ ಮ್ಯಾಲ ಜೀವ ಐತಿ," ಎಂದಳು. ಆಮೇಲೆ ನನ್ನ ಕೈಯಲ್ಲಿದ್ದ ಪುಸ್ತಕವನ್ನು ನೋಡಿದಳು. "ಒಂದು ಮಾತು ಕೇಳ್ಲೇನ್ರಿ ಟೀಚರ್? ನಿಮ್ಮ ಮಗಳು ವರ್ಷಾನ ಬರ್ಲಿಲ್ಲ. ಆಕಿ ನಂಬರಿಗೆ ದಿನಾ ನನ್ನ ಮಗಳು ಹಾಜರ್ ಅಂದ್ಳು. ಮೆಣಸಿನಕಾಯಿ ಹೊಲಕ್ಕ ಹೋದಾಗ ನನ್ನ ಮಗಳು ಹನ್ನೊಂದು ದಿನ ಬರ್ಲಿಲ್ಲ. ಆವಾಗ ಆಕಿ ನಂಬರಿಗೆ ಯಾರರ ಹಾಜರ್ ಅಂದ್ರೇನ್ರಿ?"

ಯಾರೂ ಅಂದಿರಲಿಲ್ಲ. ಜನವರಿಯ ಪುಟದಲ್ಲಿ ಹದಿನೆಂಟನೆಯ ಸಾಲಿನಲ್ಲಿ ಹನ್ನೊಂದು ಗೈರು, ಕೆಂಪು ಶಾಯಿಯಲ್ಲಿ, ನನ್ನದೇ ದುಂಡಗಿನ ಅಕ್ಷರದಲ್ಲಿ, ಒಂದನ್ನೂ ತಪ್ಪಿಸದೆ ಬರೆದಿದ್ದೆ.